ದಡ ಹಿಡಿಯುವ ಮಟ್ಟು

ನಮ್ಮೂರಿನಲ್ಲಿ ದಡ ಜಾರುತ್ತದೆ. ಬೆಳಿಗ್ಗೆ ಮುಖ ತೊಳೆಯಲು ನೀರಿನ ಅಂಚಿಗೆ ಹೋದರೆ, ನಿನ್ನೆ ಎದುರಿಗಿದ್ದ ಹುಣಸೆಮರ ಪಕ್ಕಕ್ಕೆ ಸರಿದಿರುತ್ತದೆ. ಕೆಲವು ತಿಂಗಳು ಕಳೆದರೆ ಆ ಮರವೂ ಇಲ್ಲ, ಮರದ ಹಿಂದಿನ ಊರೂ ಇಲ್ಲ. ಬೇರೆ ಮರ, ಬೇರೆ ಊರು, ಬೇರೆ ಜನ. ಇದಕ್ಕೆ ನಾವು ಯಾರೂ ಬಾಯಿ ಬಿಟ್ಟುಕೊಂಡು ನಿಂತವರಲ್ಲ. ದಡದ ಊರಿಂದ ಹೆಣ್ಣು ತರುವುದಿದ್ದರೆ ಬೇಗ ತರಬೇಕು, ಎಮ್ಮೆಯನ್ನು ಮೇಯಲು ದಾಟಿಸಿದರೆ ಅದೇ ಸಂಜೆ ವಾಪಸ್ ಹೊಡೆದುಕೊಂಡು ಬರಬೇಕು, ದಡದವರ ಹತ್ತಿರ ಯಾವ ಮಾತಿಗೂ 'ಮುಂದಿನ ವರ್ಷ ನೋಡೋಣ' ಅನ್ನಬಾರದು. ಇಷ್ಟು ನಮಗೆ ತಾಯಿಹಾಲಿನ ಜೊತೆಯಲ್ಲೇ ಬಂದ ತಿಳಿವಳಿಕೆ. ಶಾಲೆಯಲ್ಲಿ ಮೇಷ್ಟರು ನಕ್ಷೆ ಬರೆಸುವಾಗ, ನಮ್ಮೂರನ್ನು ನಡುವೆ ಗುಂಡಗೆ ಬರೆದು ಸುತ್ತಲೂ ಖಾಲಿ ಬಿಡಿ ಎನ್ನುತ್ತಿದ್ದರು. ನಾನು ಏಳನೇ ಕ್ಲಾಸಿನವರೆಗೆ ಹಾಗೇ ಬರೆದೆ. ಒಳ್ಳೆಯ ಅಂಕವೇ ಬಂತು.

ದಡ ಪೂರಾ ಜಾರಿಹೋಗದ ಹಾಗೆ ಹಿಡಿದಿಡಬೇಕಲ್ಲ, ಅದಕ್ಕೆ ದಿನಾ ಸಂಜೆ ನೆಲ ತುಳಿಯಬೇಕು. ಚಾವಡಿಯ ಕಟ್ಟೆ ಹತ್ತಿ ನಾನು ಮೌರಿ ಊದುತ್ತೇನೆ. ಬಿದಿರ ಕೊಳವೆಯ ತುದಿಗೆ ಎಮ್ಮೆಯ ಕೊಂಬು ಕೂರಿಸಿದ ಮೌರಿ ಅದು. ನನ್ನಪ್ಪ ಊದಿದ್ದು, ಅವನಪ್ಪ ಊದಿದ್ದು. ಒಂದೇ ಮಟ್ಟು. ಅದು ಕಿವಿಗೆ ಬಿದ್ದ ಕೂಡಲೇ ಯಾರು ಎಲ್ಲಿದ್ದರೂ ತುಳಿಯಲೇಬೇಕು. ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ತುಳಿಯುತ್ತಾನೆ, ಬಾಣಂತಿ ತೊಟ್ಟಿಲ ಹಗ್ಗ ಹಿಡಿದುಕೊಂಡು ಮೆಲ್ಲಗೆ ತುಳಿಯುತ್ತಾಳೆ, ಕ್ಷೌರಕ್ಕೆ ಕೂತವನು ಅರ್ಧ ಗಡ್ಡದಲ್ಲೇ ಎದ್ದು ನಿಲ್ಲುತ್ತಾನೆ. ಹಿಮ್ಮಡಿ ಊರಿ, ಹಿಂದಕ್ಕೆ ಒತ್ತಿ, ಮತ್ತೆ ಎತ್ತಬೇಕು. ಇಷ್ಟಾದ ಮೇಲೂ ಬೆಳಿಗ್ಗೆ ಮರ ಸರಿದಿದ್ದರೆ, ಯಾವುದೋ ಬೀದಿಯವರು ಕಾಲು ಕದ್ದಿದ್ದಾರೆ ಎಂದೇ ಅರ್ಥ. ಸಾಮಾನ್ಯವಾಗಿ ಬುಟ್ಟಿ ಬೀದಿಯವರು. ಅವರನ್ನು ನಾನು ಕಟ್ಟೆಯ ಮೇಲಿಂದಲೇ, ಉಸಿರು ಉಸಿರಿನ ನಡುವೆ, ಹೆಸರು ಹಿಡಿದು ಬೈಯುತ್ತಿದ್ದೆ.

ಊರಿಗೆಲ್ಲ ತುಳಿಯದೆ ಕೂತಿರುತ್ತಿದ್ದವನು ಒಬ್ಬನೇ, ನನ್ನ ಗಂಡ ಸಣ್ಣಪ್ಪ. ಅವನಿಗೆ ಹುಟ್ಟಿದಾಗಿನಿಂದ ಮಂಡಿ ಮಡಚಲು ಬರುವುದಿಲ್ಲ. ಊರು ತುಳಿಯುವ ಹೊತ್ತಿಗೆ ಅವನು ನೀರಿನ ಅಂಚಿನಲ್ಲಿ ಕಾಲು ಚಾಚಿ ಕೂತು ದಡ ನೋಡುತ್ತಿದ್ದ. ಒಂದು ಸಲ ಊಟಕ್ಕೆ ಕೂತಾಗ ಮೆಲ್ಲಗೆ, "ಅಲ್ಲ ದುಂಡಿ, ನೀನು ಊದೋವಾಗ್ಲೇ ಅಲ್ವಾ ಮರ ಜಾಸ್ತಿ ಓಡೋದು?" ಅಂದ.

"ತುಳಿಯೋಕಾಗದೋನು ಬಾಯಿ ಮುಚ್ಕೊಂಡು ಸಾರು ಕಲಸ್ಕೊ," ಅಂದೆ.

ಅವನು ಸಾರು ಕಲಸಿಕೊಂಡ. ಮತ್ತೆ ಆ ಮಾತು ಎತ್ತಲಿಲ್ಲ.

ಜಗಳ ಶುರುವಾದದ್ದು ಹೆಸರಿನಿಂದ. ನಮ್ಮ ಸುಣ್ಣದ ಬೀದಿಯವರು ಆ ಮಟ್ಟನ್ನು 'ಹಿಡಿಮಟ್ಟು' ಎನ್ನುತ್ತೇವೆ. ದಡ ಹಿಡಿಯಲೆಂದು ನನ್ನ ಮುತ್ತಾತ ಕಟ್ಟಿದ್ದು ಎಂದು ನನ್ನಪ್ಪ ಹೇಳಿದ್ದ. ಬುಟ್ಟಿ ಬೀದಿಯವರ ಬಾಯಲ್ಲಿ ಅದು 'ತಳದ ಮಟ್ಟು', ಬುಟ್ಟಿಯ ತಳ ಸುತ್ತುವ ಕೈಗೆ ಹುಟ್ಟಿದ್ದಂತೆ. ಹೆಂಗಸರು 'ಸೊಸೆ ಮುನಿದದ್ದು' ಎನ್ನುತ್ತಾರೆ. ಮೂರನೆಯ ಸುತ್ತಿನಲ್ಲಿ ಸ್ವರ ಬಾಗಿಲ ತನಕ ಹೋಗಿ ಸಿಡಿಮಿಡಿ ಎಂದು ಒಳಗೆ ವಾಪಸ್ ಬರುತ್ತದಲ್ಲ, ಅದಕ್ಕೆ. ಯಾರು ಏನಾದರೂ ಕರೆದುಕೊಳ್ಳಲಿ, ನನಗೇನು? ಆದರೆ ಬುಟ್ಟಿ ಬೀದಿಯ ಜವರಪ್ಪ ಒಂದು ದಿನ ಚಾವಡಿಯಲ್ಲಿ ಎದ್ದು ನಿಂತು, ಮಟ್ಟು ತಮ್ಮದಾದ ಮೇಲೆ ಮೌರಿಯೂ ತಮ್ಮ ಬೀದಿಗೇ ಸೇರಬೇಕು ಎಂದುಬಿಟ್ಟ. ಜವರಪ್ಪ ನನಗಿಂತ ಸ್ವಲ್ಪ ಚಿಕ್ಕವನು. ಮೀಸೆ ದೊಡ್ಡದು, ಉಸಿರು ಗಿಡ್ಡ.

"ಲೋ ಜವರ, ಎರಡು ಸುತ್ತು ಊದೋದ್ರೊಳಗೆ ನಿನ್ನ ಕಣ್ಣು ಈಚೆ ಬರ್ತವೆ. ಮೌರಿ ತಗೊಂಡು ಒಲೆ ಊದ್ತೀಯೇನೋ?" ಅಂದೆ.

"ಒಲೆ ಊದೋದು ನಿಮ್ಮಂಥೋರ ಕೆಲಸ ದುಂಡಕ್ಕ. ಮೌರಿ ಗಂಡಸರ ಕೆಲಸ," ಅಂದ.

ಚಾವಡಿಯ ಮಧ್ಯೆ ನಮ್ಮೂರಿನ ದೊಡ್ಡ ತಾಮ್ರದ ಹಂಡೆ ಇದೆ. ಮದುವೆ, ಹಬ್ಬ ಎಲ್ಲಕ್ಕೂ ಅದರಲ್ಲೇ ಅಡುಗೆ, ಯುಗಾದಿಗೆ ಅದಕ್ಕೇ ಅರಿಶಿನ, ಕುಂಕುಮ, ಪೂಜೆ. ಆ ಹಂಡೆ ಅಡ್ಡ ಇಲ್ಲದಿದ್ದರೆ ಅವತ್ತು ಜವರಪ್ಪನ ಮೀಸೆ ನನ್ನ ಕೈಯಲ್ಲಿರುತ್ತಿತ್ತು. ಯಜಮಾನರಾದ ಲಕ್ಕಣ್ಣನವರು ಕೋಲು ಕುಟ್ಟಿ ಒಂದೇ ಮಾತು ಹೇಳಿದರು: "ಜಾರಿಹೋದ ದಡಗಳಲ್ಲೂ ಈ ಮಟ್ಟು ಗೊತ್ತಿರೋರು ಇದಾರಂತೆ. ಇಬ್ಬರೂ ಒಂದೇ ದೋಣೀಲಿ ಹೋಗಿ ವಿಚಾರಿಸ್ಕೊಂಡು ಬನ್ನಿ. ಮಟ್ಟಿನ ಬೇರು ಯಾರ ಬೀದೀದು ಅಂತ ಇಬ್ಬರೂ ಒಂದೇ ಬಾಯಲ್ಲಿ ಹೇಳಬೇಕು. ಮೌರಿ ಆ ಬೀದಿಗೆ."

ನಾನು ಮೌರಿಯನ್ನು ಸೆರಗಿಗೆ ಕಟ್ಟಿಕೊಂಡೆ. "ಅದನ್ನ ಬಿಟ್ಟು ಹೋಗಮ್ಮ, ದಡದ ಗತಿ ಏನು?" ಅಂದರು ಲಕ್ಕಣ್ಣನವರು. ಬಿಟ್ಟುಹೋದರೆ ಜವರಪ್ಪನ ತಮ್ಮಂದಿರು ಬಾಯಿ ಹಾಕುತ್ತಾರೆ. "ಬಾಯಲ್ಲಿ ಹಾಡ್ಕೊಂಡು ತುಳೀರಿ. ಮೌರಿ ಇಲ್ಲ ಅಂತ ಯಾರೂ ಕಾಲು ಕದಿಯೋ ಹಾಗಿಲ್ಲ, ದುಪ್ಪಟ್ಟು ತುಳೀಬೇಕು," ಅಂದೆ. ಸಣ್ಣಪ್ಪ ಅಂಚಿನ ತನಕ ಕುಂಟುತ್ತಾ ಬಂದು ರೊಟ್ಟಿಯ ಗಂಟು ಕೊಟ್ಟ. ಏನೋ ಹೇಳಲು ಬಾಯಿ ತೆರೆದ. ನನಗೆ ಅವಸರ. "ಬಂದು ಕೇಳ್ತೀನಿ," ಅಂದೆ.

ಎದುರು ದಡದಲ್ಲಿ ಆಗ ಕಾಳಿಂಗಮ್ಮ ಅನ್ನುವವಳು ಬೋಂಡದ ಅಂಗಡಿ ಇಟ್ಟಿದ್ದಳು. ಅಲ್ಲಿ ಬೋಂಡ ತಿಂದು, ದಡಗಳು ಯಾವ ದಿಕ್ಕಿಗೆ ಜಾರಿಹೋಗಿದ್ದವೋ ಆ ದಿಕ್ಕಿಗೆ ಹುಟ್ಟು ಹಾಕಿದೆವು. ದಾರಿಯುದ್ದಕ್ಕೂ ಜಗಳ. ಹುಟ್ಟು ಹಾಕುವುದರಲ್ಲಿ ಜಗಳ, ರೊಟ್ಟಿಯಲ್ಲಿ ಜಗಳ, ಅವನು ಉಗುಳಿದ ಎಲೆಯಡಿಕೆ ಯಾವ ಕಡೆ ಬೀಳಬೇಕಿತ್ತು ಎಂಬುದರಲ್ಲಿ ಜಗಳ.

ಈಚಿನ ವರ್ಷಗಳ ಊರುಗಳನ್ನೆಲ್ಲ ದಾಟಿ, ನಾವು ಮೊದಲು ಇಳಿದ ಊರಿನಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಾನು ಹುಟ್ಟುವ ಮೊದಲು ನಮ್ಮ ಎದುರಿಗಿದ್ದ ಊರು ಅದು. ಅಪ್ಪ ಹೇಳುತ್ತಿದ್ದ, ನೀರಿಗಿಳಿದ ಮುರುಕು ಮಂಟಪ ನೋಡಿ ಗುರುತು ಹಿಡಿದೆ. ಊರು ಅಲ್ಲೇ ಕಲ್ಲಿನ ಹಾಗೆ ಕೂತಿತ್ತು. ಜಾರಿದ ದಡ ಇಷ್ಟು ಗಟ್ಟಿಯಾಗಿ ಇರುತ್ತದೆಂದು ನಾನು ಎಣಿಸಿರಲಿಲ್ಲ. ಇರಲಿ ಎಂದುಕೊಂಡು ಮೌರಿ ತೆಗೆದು ಒಂದು ಸುತ್ತು ಊದಿದೆ. ಹೆಂಗಸರೆಲ್ಲ ಒಗೆಯುವುದು ನಿಲ್ಲಿಸಿ ನಗಲು ಶುರುಮಾಡಿದರು.

"ಅಯ್ಯೋ, ಹಂಡೆ ಒಯ್ದೋರ ಮಟ್ಟು!" ಅಂದಳು ಒಬ್ಬ ಮುದುಕಿ.

"ಯಾರು ಒಯ್ದೋರು?"

"ನಮ್ಮತ್ತೆ ಹೇಳ್ತಿದ್ರಮ್ಮ. ಎದುರಿಗೆ ನೀರಲ್ಲಿ ಒಂದೂರು ಇತ್ತಂತೆ. ಮದುವೆ ಐತೆ, ಒಂದಿನದ ಮಟ್ಟಿಗೆ ಕೊಡಿ ಅಂತ ನಮ್ಮೂರ ಹಂಡೆ ಇಸ್ಕೊಂಡ್ರಂತೆ. ಬೆಳಿಗ್ಗೆ ನೋಡಿದ್ರೆ ಹಂಡೇನೂ ಇಲ್ಲ, ಊರೂ ಇಲ್ಲ! ತುಳೀತಾ ತುಳೀತಾ ಹೋದ್ರಂತೆ, ಇದೇ ಮಟ್ಟು ಊದ್ಕೊಂಡು. ತಾಮ್ರದ್ದು. ಬಾಯಿಯ ಹತ್ರ ಎಮ್ಮೆ ಗುದ್ದಿ ತಗ್ಗಾಗಿತ್ತಂತೆ."

ನಮ್ಮ ಹಂಡೆಯ ಬಾಯಲ್ಲೂ ಅಂಥದೇ ತಗ್ಗಿದೆ. ಆ ತಗ್ಗಿನೊಳಗೆ ನಾನು ಪ್ರತಿ ಯುಗಾದಿಗೆ ಅರಿಶಿನ ತುಂಬಿದ್ದೇನೆ. ಅದನ್ನು ದೇವರ ಹೆಬ್ಬೆರಳ ಗುರುತು ಎಂದು ನಮಗೆ ಹೇಳಿಕೊಟ್ಟಿದ್ದರು.

"ಬಾಯಿಗೆ ಬಂದ ಹಾಗೆ ಮಾತಾಡಬೇಡಿ, ನಮ್ಮೂರು ಕಳ್ಳರ ಊರಲ್ಲ. ನಿಮ್ಮ ದಡ ಜಾರಿದ್ದಕ್ಕೆ ನಾವೇನು ಮಾಡೋಣ?" ಎಂದು ಕೂಗಿದೆ. ಹೆಂಗಸರು ಮತ್ತೂ ನಕ್ಕರು. ನಾನು ದೋಣಿಗೆ ಬಂದು ಕೂತೆ. ಜವರಪ್ಪ ಮೀಸೆಯಡಿಯಲ್ಲಿ ನಗುತ್ತಿದ್ದ.

"ಏನು ಹಲ್ಲು ಕಿರೀತೀಯ?"

"ಏನಿಲ್ಲ. ಹಂಡೆ ಒಯ್ದಾಗ ಮೌರಿ ಊದಿದೋರು ನಿಮ್ಮ ಮನೆಯೋರೇ ತಾನೆ? ಬೇರು ಸಿಕ್ತಾ ಐತೆ."

ಅವನ ನಗು ಮುಂದಿನ ದಡದವರೆಗೆ ಮಾತ್ರ ಇತ್ತು. ಅಲ್ಲಿ ಕಲ್ಲುಕಂಬದ ಹಳೆಯ ಚಪ್ಪರದಡಿ ಒಂದು ಗಂಡಸರ ಗುಂಪು ಹುರಿ ಹೊಸೆಯುತ್ತಾ ಕೂತಿತ್ತು. ಮಟ್ಟು ಕೇಳಿ ಯಾರೂ ನಗಲಿಲ್ಲ. ಒಬ್ಬ ಹಿರಿಯ ಮೆಲ್ಲಗೆ, "ಇದನ್ನ ನಮ್ಮಲ್ಲಿ ಇಷ್ಟು ಜೋರಾಗಿ ಊದೋದಿಲ್ಲ ತಾಯಿ. ಇದು ಮದುಮಗ ಕಾದ ಮಟ್ಟು," ಅಂದ. ಅವನ ಅಣ್ಣನಿಗೆ ನೀರಿನ ಮೇಲಿನ ಊರಿಂದ ಹೆಣ್ಣು ಗೊತ್ತಾಗಿತ್ತಂತೆ. ಇದೇ ಚಪ್ಪರ ಹಾಕಿ, ಬಾಸಿಂಗ ಕಟ್ಟಿಕೊಂಡು ಕೂತನಂತೆ. ಹೆಣ್ಣಿನ ದಿಬ್ಬಣ ಬರುವ ದಿನ ಊರೇ ಇಲ್ಲ. ಅಣ್ಣ ಮತ್ತೆ ಮದುವೆ ಎನ್ನಲಿಲ್ಲ. ಸಾಯುವ ತನಕ ಸಂಜೆಯಾದರೆ ಇದನ್ನು ನಿಧಾನಕ್ಕೆ ಗುನುಗಿಕೊಳ್ಳುತ್ತಿದ್ದನಂತೆ.

"ಹೆಣ್ಣಿನ ಹೆಸರು?" ಜವರಪ್ಪ ಕೇಳಿದ.

"ಮಂಚಿ ಅಂತಿದ್ದ ನಮ್ಮಣ್ಣ. ಬುಟ್ಟಿ ಹೆಣೆಯೋರ ಹುಡುಗಿ."

ಮಂಚವ್ವ ಜವರಪ್ಪನ ಸೋದರತ್ತೆ. ಈಗಲೂ ಬದುಕಿದ್ದಾಳೆ. ಮದುವೆಯ ಹಿಂದಿನ ದಿನ ಗಂಡಿನವರು ದಡ ಎಳೆದುಕೊಂಡು ಓಡಿಹೋದರು ಎಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಆ ಸಿಟ್ಟಿಗೆ ಅವಳು ಊರಲ್ಲಿ ಯಾರೂ ತುಳಿಯದಷ್ಟು ಜೋರಾಗಿ ತುಳಿಯುತ್ತಾಳೆ. ಅವಳು ಕಾಲು ಊರಿದರೆ ಪಕ್ಕದ ಮನೆಯ ಪಾತ್ರೆ ಅಲುಗುತ್ತದೆ.

ಜವರಪ್ಪ ಆ ಹಿರಿಯನ ಮುಂದೆ ಕೈ ಮುಗಿದ. ದೋಣಿ ಹತ್ತಿದ ಮೇಲೆ, "ದುಂಡಕ್ಕ, ಅವರು ಓಡಿಹೋಗಿಲ್ಲ," ಅಂದ.

"ದಡ ಜಾರಿರ್ತದೆ ಕಣೋ."

"ಅಕ್ಕ, ಆ ಚಪ್ಪರದ ಕಲ್ಲುಕಂಬ ನೋಡಿದ್ಯಾ? ಪಾಚಿ ಕಟ್ಟೈತೆ. ಜಾರೋ ದಡದಲ್ಲಿ ಯಾರು ಕಲ್ಲುಕಂಬ ನೆಡ್ತಾರೆ?"

ನಾನು ಬೈಯಲು ಬಾಯಿ ತೆರೆದೆ, ಬೈಗುಳ ಬರಲಿಲ್ಲ. ನನಗೆ ಹಾಗಾದದ್ದು ಅದೇ ಮೊದಲು. ಬೇಡ, ಇಲ್ಲಿಂದಲೇ ತಿರುಗೋಣ ಎಂದು ಒಂದು ಮನಸ್ಸು ಹೇಳಿತು. ಆದರೆ ತಿರುಗಿ ಹೋಗಿ ಲಕ್ಕಣ್ಣನವರಿಗೆ ಏನು ಹೇಳುವುದು? ಬೇರು ಇನ್ನೂ ಸಿಕ್ಕಿರಲಿಲ್ಲ. ಮೌರಿ ನನ್ನ ಕೈ ತಪ್ಪುತ್ತದೆ ಎಂಬ ಹೆದರಿಕೆಯೇ ಆಗಲೂ ನನಗೆ ದೊಡ್ಡದಾಗಿತ್ತು. ಮುಂದಕ್ಕೇ ಹೋದೆವು.

ನೀರು ಮುಗಿಯುವ ಕಡೆ ಜೊಂಡಿನ ಕಾಡಿತ್ತು. ಅಲ್ಲೊಂದು ಊರು. ದೋಣಿ ಕಟ್ಟುವ ಮೊದಲೇ ನನ್ನ ಕಾಲು ತಾನಾಗಿ ಎದ್ದಿತು. ಆ ಮಟ್ಟು ಎಲ್ಲಿಂದಲೋ ಬರುತ್ತಿತ್ತು. ಕೊಂಬು ಕೂರಿಸಿದ ಮೌರಿಯಲ್ಲೇ ಯಾರೋ ಊದುತ್ತಿದ್ದರು, ನನ್ನಪ್ಪನ ಹಾಗೆಯೇ, ಮೂರನೆಯ ಸುತ್ತಿನ ಕೊನೆಯಲ್ಲಿ ಸ್ವರ ಸ್ವಲ್ಪ ಒರಟಾಗಿಸಿ. ಓಡಿದೆವು. ಕೆಸರಿನಲ್ಲಿ ಜೊಂಡಿನಿಂದ ಕಟ್ಟಿದ ಒಂದು ದೊಡ್ಡ ತೆಪ್ಪ ಕೂತಿತ್ತು. ಅದರ ಮೇಲೆ ಗಂಡಸರೂ ಹೆಂಗಸರೂ ನಿಂತು ತುಳಿಯುತ್ತಿದ್ದರು. ಹಿಮ್ಮಡಿ ಊರಿ, ಹಿಂದಕ್ಕೆ ಒತ್ತಿ, ಮತ್ತೆ ಎತ್ತಿ. ನಮ್ಮ ಹಾಗೆಯೇ. ನನ್ನ ಕಣ್ಣೆದುರಿಗೇ ತೆಪ್ಪ ಕೆಸರು ಬಿಟ್ಟು ಒಮ್ಮೆ ಜಗ್ಗಿತು. ನೀರಿಗೆ ಬಿತ್ತು. ಹುಟ್ಟಿಲ್ಲ, ತಳ್ಳುವ ಜಲ್ಲೆಯಿಲ್ಲ. ಅವರು ತುಳಿಯುತ್ತಲೇ ಇದ್ದರು, ತೆಪ್ಪ ಹೋಗುತ್ತಲೇ ಇತ್ತು. ಆಮೇಲೆ ಊದುವವನು ಮೌರಿಯನ್ನು ಬಾಯಿಂದ ತೆಗೆದ. ಎಲ್ಲರೂ ಕಾಲು ನಿಲ್ಲಿಸಿದರು. ತೆಪ್ಪ ನಿಂತಿತು.

ನಾನು ಕೆಸರಿನಲ್ಲೇ ಕುಸಿದು ಕೂತೆ.

ಪಕ್ಕದಲ್ಲಿ ಜೊಂಡು ಕೊಯ್ಯುತ್ತಿದ್ದ ಮುದುಕಿ, ಹೊನ್ನಜ್ಜಿ ಎಂದು ಅವಳ ಹೆಸರು, ಕುಡುಗೋಲು ಕೆಳಗಿಟ್ಟು ನನಗೆ ನೀರು ಕೊಟ್ಟಳು.

"ಅದು ಯಾವ ಮಟ್ಟಜ್ಜಿ?" ಎಂದು ಕೇಳಿದೆ.

"ಅದಾ? ನೂಕುಮಟ್ಟು. ತೆಪ್ಪ ನೂಕೋಕೆ ತುಳಿಯೋದು. ಯಾಕವ್ವ, ನಿಮ್ಮ ಕಡೆ ಏನಂತೀರಿ?"

ಹೇಳಿದವನು ಜವರಪ್ಪ. "ಹಿಡಿಮಟ್ಟು ಅಂತೀವಿ ಅಜ್ಜಿ. ಊರು ಅಲುಗದ ಹಾಗೆ ಹಿಡಿಯೋ ಮಟ್ಟು ಅಂತ."

ನನ್ನ ಬೀದಿಯ ಹೆಸರನ್ನು ಅವನು ಒಪ್ಪಿ ಹೇಳಿದ್ದನ್ನು ನಾನು ಗಮನಿಸಿದ್ದು ಎಷ್ಟೋ ಹೊತ್ತಿನ ಮೇಲೆ.

ಮುದುಕಿ ನಮ್ಮಿಬ್ಬರನ್ನೂ ನೋಡಿದಳು, ನನ್ನ ಮಡಿಲಿನ ಮೌರಿಯನ್ನು ನೋಡಿದಳು. "ಓ, ನೀವು ಆ ದೊಡ್ಡ ತೆಪ್ಪದೋರಾ!" ಅಂದಳು. "ನಮ್ಮಜ್ಜಿಯ ಅಜ್ಜಿಯ ಕಾಲದಲ್ಲಿ ಹೋದೋರಂತೆ. ಆಚೆ ಕಡೆಯಿಂದ ಸುಣ್ಣದ ಕಲ್ಲು, ಬುಟ್ಟಿಗೆ ಬೆತ್ತ ತರ್ತೀವಿ, ಸಂಜೆಗೆ ಬರ್ತೀವಿ, ಅಡುಗೆ ಮಾಡಿಟ್ಟಿರಿ ಅಂದ್ರಂತೆ. ಮನೆಮಠ ಕಟ್ಟೋಷ್ಟು ದೊಡ್ಡ ತೆಪ್ಪವಂತೆ." ಆಮೇಲೆ ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ, ನೆಂಟರ ಪ್ರಯಾಣ ವಿಚಾರಿಸುವ ಹಾಗೆ ಕೇಳಿದಳು: "ಆಚೆ ಕಡೆ ಮುಟ್ಟಿದ್ರಾ?"

ನಾನು ಜೀವಮಾನವೆಲ್ಲ ಕಟ್ಟೆಯ ಮೇಲೆ ನಿಂತು ಊದಿದ್ದೇನೆ. ಬುಟ್ಟಿ ಬೀದಿಯವರೇ, ಜೋರಾಗಿ ತುಳೀರಿ, ದಡ ಓಡ್ತಾ ಇದೆ ಎಂದು ಬೈದಿದ್ದೇನೆ. ಅವರು ಜೋರಾಗಿ ತುಳಿದಿದ್ದಾರೆ. ಮರ ಇನ್ನೂ ಓಡಿದೆ. ಇನ್ನೂ ಬೈದಿದ್ದೇನೆ. ಒಬ್ಬನೇ ಒಬ್ಬ ಕೂತು ನೋಡಿ ಹೇಳಿದ, ಅವನಿಗೆ ಬಾಯಿ ಮುಚ್ಕೊಂಡು ಸಾರು ಕಲಸ್ಕೊ ಅಂದೆ.

ಆಗ ಇನ್ನೊಂದು ಮಾತು ನೆನಪಾಯಿತು. ಹೊರಡುವಾಗ ನಾನೇ ಆಡಿದ ಮಾತು. ಜವರಪ್ಪನಿಗೂ ಅದೇ ಹೊತ್ತಿಗೆ ನೆನಪಾಗಿರಬೇಕು.

"ದುಂಡಕ್ಕ, ದುಪ್ಪಟ್ಟು ತುಳೀರಿ ಅಂದು ಬಂದಿದ್ದೀಯ."

ಬರುವಾಗಿನ ಜಗಳಗಳು ಹೋಗುವಾಗ ಒಂದೂ ಇರಲಿಲ್ಲ. ಒಬ್ಬರು ಮಲಗಿದರೆ ಒಬ್ಬರು ಹುಟ್ಟು ಹಾಕಿದೆವು. ಮದುಮಗನ ಊರು ಕಳೆಯಿತು, ಹಂಡೆಯ ಊರು ಕಳೆಯಿತು. ಹೋಗಿ ಏನು ಹೇಳಬೇಕೆಂದು ದಾರಿಯಲ್ಲೇ ಇಬ್ಬರೂ ಒಪ್ಪಿಕೊಂಡೆವು: ಬೇರು ಯಾವ ಬೀದಿಯದೂ ಅಲ್ಲ, ಮೌರಿಯನ್ನು ಚಾವಡಿಯ ತೊಲೆಗೆ ಕಟ್ಟಿಹಾಕಿ, ಇನ್ನು ಯಾರೂ ತುಳಿಯಬೇಡಿ. "ಮಂಚತ್ತೆಗೆ ಮಾತ್ರ ನಾನೇ ಹೇಳ್ತೀನಿ," ಅಂದ ಜವರಪ್ಪ. ನಾನೂ ಒಬ್ಬನಿಗೆ ಹೇಳುವುದಿತ್ತು. ಹೇಗೆ ಶುರುಮಾಡುವುದು ಎಂದು ಹುಟ್ಟು ಹಾಕುತ್ತಾ ಮನಸ್ಸಿನಲ್ಲೇ ಎಷ್ಟೋ ಸಲ ಆಡಿಕೊಂಡೆ. ನನ್ನ ಬಾಯಿಗೆ ಅಂಥ ಮಾತಿನ ರೂಢಿ ಇಲ್ಲ.

ಇಳಿಹೊತ್ತಿನಲ್ಲಿ ಕಾಳಿಂಗಮ್ಮನ ಬೋಂಡದ ಅಂಗಡಿ ಕಾಣಿಸಿತು. ಅಂಗಡಿ ಅಲ್ಲೇ ಇತ್ತು. ಹೊಗೆ ಬರುತ್ತಿತ್ತು. ನಾವು ಇಬ್ಬರೂ ಒಟ್ಟಿಗೇ ಎದುರಿಗೆ ತಿರುಗಿದೆವು.

ನೀರಿತ್ತು. ಬರೀ ನೀರು.

ದೋಣಿ ದಡಕ್ಕೆ ಬಡಿದದ್ದು ನನಗೆ ಗೊತ್ತಾಗಲಿಲ್ಲ. ಕಾಳಿಂಗಮ್ಮ ಜಾಲರಿ ಹಿಡಿದುಕೊಂಡೇ ಓಡಿಬಂದಳು. "ಅಯ್ಯೋ ತಾಯಿ, ನೀವು ಈಗ ಬರ್ತಾ ಇದೀರಾ! ಹೊರಟೋಯ್ತಲ್ಲ ನಿಮ್ಮೂರು. ಅದೇನು ತುಳಿತ ಅಂತೀನಿ! ಬೆಳಿಗ್ಗೆ ಹಾಡೋದು, ಮಧ್ಯಾಹ್ನ ಹಾಡೋದು, ಹಂಡೆ ಬಡಿಯೋದು. ಮೌರಿ ಇಲ್ಲ, ದಡ ಜಾರ್ತದೆ, ಜೋರಾಗಿ ತುಳೀರಿ ಅಂತ ಒಬ್ಬ ಯಜಮಾನ ಕೋಲು ಕುಟ್ಟಿ ಕೂಗ್ತಾ ಇದ್ದ. ಒಬ್ಬ ಮುದುಕಿಯಂತೂ ಎಗರಿ ಎಗರಿ ತುಳೀತಿದ್ಲು. ಹೀಗೆ ಅನ್ನೋದ್ರೊಳಗೆ ದೂರ ಆಗೋಯ್ತು."

ಜವರಪ್ಪ ತಲೆಯ ಮೇಲೆ ಕೈ ಹೊತ್ತು ಮರಳಿನಲ್ಲಿ ಕೂತ. ನನಗೆ ಕೂರಲೂ ಆಗಲಿಲ್ಲ. ಕಾಳಿಂಗಮ್ಮ ಪಾಪ, ನಮ್ಮ ಮುಖ ನೋಡಲಾರದೆ ಬಾಣಲೆಯ ಹತ್ತಿರ ಹೋಗಿ ಬೋಂಡ ತಿರುವಿಹಾಕುತ್ತಾ ಮೆಲ್ಲಗೆ ಗುನುಗತೊಡಗಿದಳು. ಅದೇ ಮಟ್ಟು. ಅಷ್ಟು ದಿನ ಕೇಳಿದ್ದು ಅವಳ ಬಾಯಿಗೆ ಹತ್ತಿಬಿಟ್ಟಿತ್ತು. ಮೂರನೆಯ ಸುತ್ತನ್ನು ಬೇರೆ ಥರ ಎಳೆಯುತ್ತಿದ್ದಳು, ಯಾರನ್ನೋ ಕೂಗುವ ಹಾಗೆ.

"ಅದಕ್ಕೆ ಏನಂತೀಯಮ್ಮ?" ಎಂದು ಕೇಳಿದೆ. ಯಾಕೆ ಕೇಳಿದೆನೋ. ಕೇಳಿ ಕೇಳಿ ಅಭ್ಯಾಸವಾಗಿತ್ತು.

"ನಾವು ಇಲ್ಲಿ ಅಂಚಲ್ಲಿ ಕೂತೋನ ಮಟ್ಟು ಅಂತೀವಿ," ಅಂದಳು. "ಎಲ್ಲರೂ ತುಳೀತಾ ಇದ್ರೆ ಒಬ್ಬ ಮಾತ್ರ ಅಂಚಿನಲ್ಲಿ ಕಾಲು ಚಾಚ್ಕೊಂಡು ಕೂತಿದ್ದ. ತುಳೀಬೇಡ್ರಪ್ಪ, ನನ್ನ ಹೆಂಡ್ತಿ ಆಚೆ ಇದ್ದಾಳೆ, ತುಳೀಬೇಡ್ರಪ್ಪ ಅಂತ ಕೈ ಬೀಸಿ ಕೂಗ್ತಾನೇ ಇದ್ದ. ಹುಚ್ಚ ಅಂದ್ಕೊಂಡ್ವಿ ತಾಯಿ. ಕಣ್ಣಿಗೆ ಮರೆಯಾಗೋ ತನಕ ಈ ಕಡೆಗೇ ನೋಡ್ತಾ ಕೂತಿದ್ದ."

ನಾನು ನೀರಿಗಿಳಿದೆ, ಸೊಂಟ ಮುಳುಗುವವರೆಗೆ. ಸೆರಗು ಬಿಚ್ಚಿ ಮೌರಿ ತೆಗೆದೆ. ಅದರ ದನಿ ನೀರಿನ ಮೇಲೆ ಎಷ್ಟು ದೂರ ಹೋಗುತ್ತದೆಂದು ನನಗೆ ಗೊತ್ತು. ಅವನು ಕೇಳುತ್ತಾನೆ. ನಾನು ಬಂದಿದ್ದೇನೆಂದು ಅವನಿಗೆ ತಿಳಿಯಲಿ. ಮೌರಿಯನ್ನು ತುಟಿಗಿಟ್ಟು ಎದೆ ತುಂಬ ಉಸಿರೆಳೆದೆ.

ಜವರಪ್ಪ ನೀರು ಸೀಳಿಕೊಂಡು ಬಂದು ನನ್ನ ಕೈ ಹಿಡಿದ. ಮೊದಲ ಸಲ ಅವನ ಕೈ ನನ್ನ ಮೌರಿಗೆ ತಗುಲಿತು. "ಬೇಡ ಅಕ್ಕ! ಊದಬೇಡ. ಕೇಳಿದ್ರೆ ಇನ್ನೂ ತುಳೀತಾರೆ."

ಉಸಿರು ಎದೆಯಲ್ಲೇ ನಿಂತಿತು. ನನಗೆ ಬೇರೆ ಮಟ್ಟು ಬಾರದು. ನಮ್ಮೂರಿನಲ್ಲಿ ಬೇರೆ ಮಟ್ಟೇ ಇಲ್ಲ.

ದಡಕ್ಕೆ ಬಂದು ಮರಳಿನಲ್ಲಿ ಕೂತೆವು. ಬೆಳಿಗ್ಗೆ ಅವರ ಹಿಂದೆ ಹೊರಡಬೇಕು, ಸದ್ದು ಮಾಡದೆ, ಅವರು ತುಳಿಯುವುದಕ್ಕಿಂತ ಜೋರಾಗಿ ಹುಟ್ಟು ಹಾಕಬೇಕು ಎಂದು ಜವರಪ್ಪ ಹೇಳುತ್ತಿದ್ದ. ಊದುವ ಹೊತ್ತಾಯಿತು. ಹುಟ್ಟಿದ ಮೇಲೆ ಆ ಹೊತ್ತಿಗೆ ನಾನು ಊದದೆ, ಹುಟ್ಟೂ ಹಾಕದೆ ಸುಮ್ಮನೆ ಕೂತದ್ದು ಅದೇ ಮೊದಲು. ಆಗ ನೀರಿನ ಮೇಲಿಂದ, ಬಹಳ ದೂರದಿಂದ, ಧಿಮ್ ಧಿಮ್ ಎಂದು ಬಂತು. ಹಂಡೆಯ ಸದ್ದು. ಅದರ ಜೊತೆ ಇಡೀ ಊರಿನ ಕಾಲು.

ಮರಳಿನಲ್ಲಿ ನನ್ನ ಹಿಮ್ಮಡಿ ತಾನಾಗಿ ಎದ್ದಿತು. ಒತ್ತಿ ಹಿಡಿದೆ, ಮತ್ತೆ ಎದ್ದಿತು. ಜವರಪ್ಪ ನೋಡಿದ. ತನ್ನ ಪಾದವನ್ನು ತಂದು ನನ್ನ ಪಾದದ ಮೇಲೆ ಇಟ್ಟು ಬಲವಾಗಿ ಒತ್ತಿದ. ಅವನ ಇನ್ನೊಂದು ಕಾಲು ಮರಳಿನಲ್ಲಿ ಎದ್ದು ಬೀಳುತ್ತಿತ್ತು. ಅದರ ಮೇಲೆ ನಾನು ನನ್ನ ಇನ್ನೊಂದು ಪಾದವನ್ನು ಇಟ್ಟೆ.